ಡಬ್ಬಿ ಬಡಿದರೆ ತಿರುಗುತ್ತಾನೆ, ಆದರೂ ಕಿವಿ ಪರೀಕ್ಷೆ ಮಾಡಿಸಿ

ಎರಡು ವರ್ಷ ತುಂಬಿದರೂ ಮಾತು ಬಾರದ ಮಕ್ಕಳು ಕಡಿಮೆಯೇನಿಲ್ಲ. ಆ ವಯಸ್ಸಿನ ನೂರು ಮಕ್ಕಳಲ್ಲಿ ಸುಮಾರು 10ರಿಂದ 15 ಮಕ್ಕಳ ಮಾತು ಹಿಂದುಳಿದಿರುತ್ತದೆ. 50 ಪದಗಳೂ ಬಂದಿರುವುದಿಲ್ಲ, ‘ಅಮ್ಮ ಬಾ’ ಎಂದು ಎರಡು ಪದ ಕೂಡಿಸಲೂ ಬರುವುದಿಲ್ಲ. ಇವರಲ್ಲಿ ಅರ್ಧದಷ್ಟಾದರೂ ಶಾಲೆಗೆ ಸೇರುವ ಹೊತ್ತಿಗೆ ಸರಿಹೋಗುತ್ತಾರೆ. ಆದ್ದರಿಂದ “ಅವರಪ್ಪನೂ ನಾಲ್ಕು ವರ್ಷಕ್ಕೇ ಬಾಯಿ ಬಿಟ್ಟಿದ್ದು” ಎನ್ನುವ ಅಜ್ಜಿಯರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಕೆಲವು ಮಕ್ಕಳ ವಿಷಯದಲ್ಲಿ ಸ್ವಲ್ಪ ಕಾದು ನೋಡಬಹುದು. ಕಿವಿ ಪರೀಕ್ಷೆ ಮಾಡಿಸದೆ ಕಾಯುವುದನ್ನು ಮಾತ್ರ ನನಗೆ ಸಹಿಸಲಾಗುವುದಿಲ್ಲ.

ಕಳೆದ ಮಳೆಗಾಲದಲ್ಲಿ ಸಕಲೇಶಪುರದ ಕಡೆಯಿಂದ ಎರಡೂವರೆ ವರ್ಷದ ಹುಡುಗನನ್ನು ಹಾಸನಕ್ಕೆ ಕರೆತಂದಿದ್ದರು. ನಾಲಿಗೆಗೆ ಬಜೆ ತೇಯ್ದು ಹಚ್ಚಿದ್ದಾಗಿತ್ತು, ದೇವರಿಗೆ ಹರಕೆಯೂ ಆಗಿತ್ತು. “ಕಿವಿ ಏನೂ ತೊಂದರೆ ಇಲ್ಲ ಮೇಡಂ, ನೋಡಿ ಬೇಕಾದ್ರೆ” ಎಂದು ಅಜ್ಜಿ ಅವನ ಬೆನ್ನ ಹಿಂದೆ ಸ್ಟೀಲ್ ಡಬ್ಬಿ ಬಡಿದರು. ಹುಡುಗ ತಟ್ಟನೆ ತಿರುಗಿದ. ಆಮೇಲೆ ನಾನು ನೆರಳು ಬೀಳದ ಹಾಗೆ ಹಿಂದೆ ಕುಳಿತು ಮೆಲ್ಲಗೆ ‘ಸ್... ಸ್...’ ಎಂದೆ. ಅವನು ಆಟಿಕೆ ಲಾರಿಯ ಚಕ್ರ ತಿರುಗಿಸುತ್ತಲೇ ಇದ್ದ. ಮತ್ತೆ ಮತ್ತೆ ಅಂದರೂ ಅಷ್ಟೇ.

ಇಷ್ಟರಿಂದಲೇ ಏನೂ ತೀರ್ಮಾನಿಸಲಾಗದು, ಆಟದಲ್ಲಿ ಮುಳುಗಿದ ಮಗು ಯಾರ ಮಾತನ್ನೂ ಕೇಳದು. ಆದರೆ ಪರೀಕ್ಷೆಯಲ್ಲಿ ಎರಡೂ ಕಿವಿಗೆ ಕೀರಲು ಸ್ವರದ ಸದ್ದುಗಳು ಸರಿಯಾಗಿ ಕೇಳುತ್ತಿಲ್ಲ ಎಂದು ಗೊತ್ತಾಯಿತು.

ಎಲ್ಲರೂ ತಪ್ಪು ತಿಳಿಯುವುದು ಇಲ್ಲೇ. ಕಿವಿ ಪೂರ್ತಿ ಕೇಳುತ್ತದೆ ಅಥವಾ ಪೂರ್ತಿ ಕೇಳುವುದಿಲ್ಲ, ಎರಡರಲ್ಲೊಂದು ಎಂದುಕೊಳ್ಳುತ್ತೇವೆ. ಹಾಗಿಲ್ಲ. ಅ, ಆ, ಉ, ಮ ಇವೆಲ್ಲ ದಪ್ಪ ಸ್ವರದವು, ಜೋರಾಗಿಯೂ ಇರುತ್ತವೆ. ಸ, ಶ, ತ, ಕ ತೀರಾ ಮೆಲುವಾದವು, ಸ್ವರವೂ ಕೀರಲು. ಈ ಎರಡನೆಯ ಗುಂಪು ಮಾತ್ರ ಕೇಳಿಸದ ಮಗು ಬಸ್ಸಿನ ಹಾರ್ನಿಗೆ ತಿರುಗುತ್ತದೆ, ಮಿಕ್ಸಿ ಸದ್ದಿಗೆ ಬೆಚ್ಚುತ್ತದೆ, ಹೆಸರು ಕೂಗಿದರೂ ನೋಡುತ್ತದೆ. ಆದರೆ ‘ಕಾಸು’ ಎಂದರೆ ಅದಕ್ಕೆ ಕೇಳುವುದು ಬರೀ ‘ಆ... ಉ’. ಕೇಳಿದ್ದು ಅಷ್ಟೇ ಆದಾಗ ಮಗು ಆಡುವುದಾದರೂ ಏನನ್ನು? ಮೇಲಾಗಿ ಚಪ್ಪಾಳೆಯ ಗಾಳಿ, ಹಲಗೆಯ ಅದುರು, ಗೋಡೆಯ ಮೇಲಿನ ನೆರಳು, ಇವುಗಳಿಗೂ ಮಕ್ಕಳು ತಿರುಗುತ್ತವೆ. ಮಲೆನಾಡಿನ ಥಂಡಿಗೆ ಪದೇ ಪದೇ ನೆಗಡಿಯಾಗಿ ಕಿವಿಯೊಳಗೆ ನೀರು ನಿಂತರೂ ಕೆಲವು ತಿಂಗಳು ಕೇಳುವುದು ಮಂದವಾಗಬಹುದು. ಇದು ಬಹುಪಾಲು ತಾನಾಗಿಯೇ ವಾಸಿಯಾಗುವಂಥದ್ದು, ಆದರೆ ಇದೆ ಎಂದು ಗೊತ್ತಾಗಬೇಕಲ್ಲ.

ಮಾತು ತಡವಾದ ಮಕ್ಕಳಲ್ಲಿ ಹೆಚ್ಚಿನವರ ಕಿವಿ ಸರಿಯಾಗಿಯೇ ಇರುತ್ತದೆ. ಆಗ ಕಾರಣ ಬೇರೆ ಹುಡುಕಬೇಕು, ಅದು ಪ್ರತಿ ಮಗುವಿಗೂ ಬೇರೆ. ಮೊದಲು ಕಿವಿಯ ಅನುಮಾನ ತೀರಿಸಿಕೊಳ್ಳಿ.

2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೆ ಬರುತ್ತದೆ, ಮಾತಿನ ವಿಷಯ ಅವರ ಕಿವಿಗೂ ಹಾಕಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯೂ ದೂರವಿಲ್ಲ. ಒಂದು ಪರೀಕ್ಷೆ ಕೆಲವೇ ನಿಮಿಷದ್ದು. ಇನ್ನೊಂದಕ್ಕೆ ಮಗು ನಿದ್ದೆಯಲ್ಲಿರಬೇಕು, ಅದಕ್ಕೇ ರಾತ್ರಿ ತಡವಾಗಿ ಮಲಗಿಸಿ ಎನ್ನುತ್ತೇವೆ. ಆದರೆ ದಾರಿಯುದ್ದಕ್ಕೂ ಬಸ್ಸಿನಲ್ಲಿ ನಿದ್ದೆ ಹೊಡೆದು, ನಮ್ಮಲ್ಲಿಗೆ ಬರುವಾಗ ಕಣ್ಣರಳಿಸಿಕೊಂಡು ಬರುವ ಮಕ್ಕಳೇ ಜಾಸ್ತಿ. ಬಸ್ಸಿನಲ್ಲಿ ಮಾತ್ರ ದಯವಿಟ್ಟು ಮಲಗಲು ಬಿಡಬೇಡಿ.