ಪರಿಸರ ದಿನದ ಗಿಡ ಮುಂದಿನ ಜೂನ್‌ಗೆ ಯಾಕೆ ಕಾಣುವುದಿಲ್ಲ?

ಪ್ರಶ್ನೆ: ನಾನು ಉಡುಪಿ ಕಡೆಯ ಒಂದು ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಕೋ ಕ್ಲಬ್ ನನ್ನ ತಲೆಗೇ ಬಂದಿದೆ. ಪ್ರತಿ ಜೂನ್ 5ಕ್ಕೆ ಗಿಡ ನೆಡಿಸುತ್ತೇವೆ, ಜಾಥಾ ಮಾಡಿಸುತ್ತೇವೆ. ಮರುವರ್ಷ ನೋಡಿದರೆ ಗಿಡವೂ ಇಲ್ಲ, ಮಕ್ಕಳಿಗೆ ನೆನಪೂ ಇಲ್ಲ. ಬರೀ ಫೋಟೋಕ್ಕಲ್ಲದೆ ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಮಕ್ಕಳ ಕೈಯಲ್ಲಿ ಏನು ಮಾಡಿಸಬಹುದು?

ಉತ್ತರ: ಟೀಚರೇ, ನಿಮ್ಮ ಗಿಡ ಜೂನ್‌ನಲ್ಲಿ ಸತ್ತದ್ದಲ್ಲ. ನಮ್ಮ ಕರಾವಳಿಯಲ್ಲಿ ಜೂನ್‌ನಲ್ಲಿ ಕೋಲು ಊರಿದರೂ ಚಿಗುರುತ್ತದೆ. ಅದು ಸಾಯುವುದು ಏಪ್ರಿಲ್, ಮೇ ರಜೆಯಲ್ಲಿ. ಆಗ ಶಾಲೆಗೆ ಬೀಗ, ಮುರಕಲ್ಲಿನ ನೆಲ ಕಾದ ಕಾವಲಿ, ನೀರು ಹಾಕುವವರಿಲ್ಲ. ಹಾಗಾಗಿ ಯಾವ ಕೆಲಸ ಹಿಡಿಯುವ ಮೊದಲೂ ರಜೆಯಲ್ಲಿ ಇದನ್ನು ನೋಡುವವರು ಯಾರು ಎಂದು ಕೇಳಿಕೊಳ್ಳಿ. ಉತ್ತರ ಸಿಗಲಿಲ್ಲವೆಂದರೆ ಮಾರ್ಚ್ ಒಳಗೆ ಮುಗಿಯುವ ಕೆಲಸವೇ ಒಳ್ಳೆಯದು.

ನನ್ನನ್ನು ಕೇಳಿದರೆ ಬಿಸಿಯೂಟದ ಎಂಜಲು ಬಕೆಟ್‌ನಿಂದ ಶುರು ಮಾಡಿ. ಅದು ದಿನವೂ ತುಂಬುತ್ತದೆ, ಯಾರೂ ಅದರ ಫೋಟೋ ತೆಗೆಯುವುದಿಲ್ಲ. ನಾನು ಪಾಠ ಮಾಡುತ್ತಿದ್ದ ಶಾಲೆಯಲ್ಲಿ ಏಳನೇ ಕ್ಲಾಸಿನ ಮಕ್ಕಳು ಗುಜರಿಯವರಿಂದ ಕೊಕ್ಕೆಯ ತಕ್ಕಡಿ ಕೇಳಿ ತಂದು ಒಂದು ವಾರ ಆ ಬಕೆಟನ್ನು ತೂಗಿದರು. ನಾನು ಕಾಂಪೋಸ್ಟ್ ಗುಂಡಿಯ ಲೆಕ್ಕಾಚಾರದಲ್ಲಿದ್ದೆ. ಮಕ್ಕಳಿಗೆ ಬೇರೆಯೇ ಕಂಡಿತು. ಎಂಜಲಿನಲ್ಲಿ ಹೆಚ್ಚಿನದು ಅನ್ನ, ಅದೂ ಸಣ್ಣ ಕ್ಲಾಸಿನವರ ಬಟ್ಟಲಿನದು. ಸರಕಾರದ ಲೆಕ್ಕದಲ್ಲಿ ಒಂದರಿಂದ ಐದನೇ ಕ್ಲಾಸಿನವರೆಗಿನ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟರವರಿಗೆ 150 ಗ್ರಾಂ. ಬಡಿಸುವ ಸೌಟು ಮಾತ್ರ ಎಲ್ಲರಿಗೂ ಒಂದೇ! ಮರುವಾರದಿಂದ ಸಣ್ಣವರಿಗೆ ಮೊದಲು ಅರ್ಧ ಸೌಟು, ಬೇಕಾದರೆ ಮತ್ತೆ ಎಂದಾಯಿತು. ಅಡುಗೆಯ ಅಕ್ಕನಿಗೆ ಮೊದಲು ಸಿಟ್ಟು ಬಂತು, ತನ್ನ ಅಡುಗೆಯನ್ನು ಅಳೆಯುತ್ತಿದ್ದಾರೆ ಎಂದು. ಅದು ನನ್ನ ತಪ್ಪು, ಅವರಿಗೆ ಮುಂಚೆಯೇ ಹೇಳಬೇಕಿತ್ತು. ಆಮೇಲೆ "ಅಕ್ಕ, ಇನ್ನು ಸ್ವಲ್ಪ" ಎಂದು ಎರಡನೇ ಸಲ ಬಂದ ಮಕ್ಕಳನ್ನು ಕಂಡು ಅವರೇ ಸಮಾಧಾನವಾದರು. ಗುಂಡಿ ತೋಡುವ ಮೊದಲೇ ಬಕೆಟ್ ಹಗುರಾಗಿತ್ತು.

ಗುಂಡಿ ಅಂದೆನಲ್ಲ, ಅದನ್ನೂ ತೋಡಿಸಿ ಪೆಟ್ಟು ತಿಂದವನು ನಾನು. ಪುಸ್ತಕದಲ್ಲಿದ್ದ ಹಾಗೆ ಮೂರಡಿ ಆಳ ತೋಡಿದೆವು. ಜೂನ್ ಎರಡನೇ ವಾರಕ್ಕೆ ಅದು ಕೆರೆ, ಮೂರನೇ ವಾರಕ್ಕೆ ಹುಳದ ಕೆರೆ. ವಾಸನೆ ಆಫೀಸಿನವರೆಗೆ ಬಂತು, ಹೆಡ್‌ಮಾಷ್ಟ್ರು ಅದೇ ದಿನ ಮಣ್ಣು ಮುಚ್ಚಿಸಿದರು. ನಮ್ಮ ಮಳೆಗೆ ಗುಂಡಿ ಆಗುವುದಿಲ್ಲ. ತೂತು ಕೊರೆದ ಡ್ರಮ್ಮನ್ನು ನಾಲ್ಕು ಕಲ್ಲಿನ ಮೇಲೆ, ಮಾಡಿನ (ಸೂರಿನ) ಅಡಿ ಇಡಬೇಕು. ಒಂದು ಪಾಲು ಎಂಜಲಿಗೆ ಎರಡು ಪಾಲು ಒಣ ತರಗೆಲೆ. ಸಾರು, ಮಜ್ಜಿಗೆ ಬಸಿದ ಮೇಲೆಯೇ ಹಾಕಬೇಕು. ನಾರಿದರೆ ನೀರು ಹೆಚ್ಚಾಗಿದೆ ಎಂದು ತಿಳಿದು ಇನ್ನಷ್ಟು ಎಲೆ ಹಾಕಿ ಕೆದಕಿದರೆ ಸರಿಹೋಗುತ್ತದೆ. ಮಳೆಗಾಲದಲ್ಲಿ ಒಣ ಎಲೆ ಎಲ್ಲಿಂದ? ಫೆಬ್ರವರಿಯಲ್ಲಿ ಅಂಗಳ ಗುಡಿಸಿ ಬೆಂಕಿ ಕೊಡುತ್ತೀರಲ್ಲ, ಆ ಎಲೆಯನ್ನೇ ಗೋಣಿಯಲ್ಲಿ ತುಂಬಿಡಿ.

ಇಷ್ಟೆಲ್ಲ ಯಾಕೆ ಎಂದು ಯಾರಾದರೂ ಕೇಳಿದರೆ ಪಚ್ಚನಾಡಿಯ ಕಥೆ ಹೇಳಿ. 2019ರ ಆಗಸ್ಟ್ ಮಳೆಗೆ ಅಲ್ಲಿದ್ದ ಮಂಗಳೂರಿನ ಕಸದ ಗುಡ್ಡ ಜಾರಿ ಕೆಳಗಿನ ಮಂದಾರ ಎಂಬ ಊರಿನ ಮನೆಗಳ ಮೇಲೆ, ಅಡಿಕೆ ತೋಟದ ಮೇಲೆ ಬಂದು ಕೂತಿತು. ಹಸಿ, ಒಣ ಎಂದು ಬೇರೆಯಾಗದೆ ಹೋದ ಕಸ ಅದು. ಮಕ್ಕಳಿಗೆ ಧ್ರುವದ ಹಿಮ ಕರಗುವ ಚಿತ್ರಕ್ಕಿಂತ ಇದು ಬೇಗ ತಟ್ಟುತ್ತದೆ.

ಎರಡನೆಯದು ನೀರು. ಸೋರುವ ನಲ್ಲಿಯ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟು ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಮಕ್ಕಳೇ ನೋಡಲಿ. ಇಪ್ಪತ್ತು ನಿಮಿಷಕ್ಕೆ ತುಂಬಿದರೆ ದಿನಕ್ಕೆ 72 ಲೀಟರ್. ಈ ಲೆಕ್ಕ ಬರೆದ ಚೀಟಿ ಹಿಡಿದು ಐದನೇ ಕ್ಲಾಸಿನ ಇಬ್ಬರು ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸಭೆಗೆ ಹೋದರೆ ವಾಷರ್ ಬದಲಾಗುತ್ತದೆ. ನೀವು ಬರೆದ ಅರ್ಜಿಗೆ ಆ ಬೆಲೆ ಇಲ್ಲ, ಬೇಸರ ಮಾಡಬೇಡಿ. ಹಾಗೆಯೇ ಮಾಡಿನ ಲೆಕ್ಕ: 100 ಚದರ ಮೀಟರ್ ಹಂಚಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ನಮ್ಮಲ್ಲಿ ವರ್ಷಕ್ಕೆ 3500 ಮಿ.ಮೀ. ಹಿಡಿದರೂ ಮೂರೂವರೆ ಲಕ್ಷ ಲೀಟರ್ ಆಯಿತು. ಇಷ್ಟು ಮಳೆ ಬೀಳುವ ಊರಲ್ಲೇ 2019ರ ಮೇ ತಿಂಗಳಲ್ಲಿ ಉಡುಪಿಗೆ ಕುಡಿಯುವ ನೀರು ಕೊಡುವ ಬಜೆ ಅಣೆಕಟ್ಟು ತಳ ಕಂಡು ನಗರಕ್ಕೆ ಸರದಿಯಲ್ಲಿ ನೀರು ಬಿಟ್ಟರು. ಮಾಡಿನ ನೀರನ್ನು ಮರಳು, ಜಲ್ಲಿಯಲ್ಲಿ ಸೋಸಿ ಬಾವಿಗೆ ಬಿಡುವುದು ದೊಡ್ಡವರ ಕೆಲಸ, ಮೊದಲ ಒಂದೆರಡು ಮಳೆಯ ಕೊಳಕು ನೀರನ್ನು ಹೊರಗೆ ಬಿಡುವುದನ್ನು ಅವರು ಮರೆಯಬಾರದು. ಮಕ್ಕಳನ್ನು ಹಂಚಿನ ಮೇಲೆ ಹತ್ತಿಸಲೇಬೇಡಿ. ಅವರ ಪಾಲಿಗೆ ಹಗ್ಗದ ಕೆಲಸ ಬಿಡಿ: ಅಡಿಗೊಂದು ಗಂಟು ಹಾಕಿದ ಹಗ್ಗವನ್ನು ಪ್ರತಿ ಸೋಮವಾರ ನಿಮ್ಮೆದುರಿಗೇ ಬಾವಿಗೆ ಇಳಿಸಿ, ಒಣಗಿ ಉಳಿದ ಗಂಟು ಎಣಿಸಿ ಗೋಡೆಯ ಮೇಲೆ ಬರೆಯುವುದು. ಮಾರ್ಚ್‌ನಲ್ಲಿ ಆ ಗೋಡೆ ನೋಡಿದವರು ನಲ್ಲಿ ತೆರೆದಿಟ್ಟು ಹೋಗುವುದಿಲ್ಲ.

ಕೈ ತೊಳೆದ ನೀರಿಗೆ ನಮ್ಮ ಅಜ್ಜಿಯಂದಿರ ದಾರಿಯೇ ಇದೆ, ಬಸಳೆ ಚಪ್ಪರ. ತೊಳೆಯುವ ಜಾಗದ ತೋಡಿಗೆ ತೆಂಗಿನ ನಾರು ತುರುಕಿದರೆ ಅನ್ನದ ಅಗುಳು ನಿಲ್ಲುತ್ತದೆ, ನೀರು ಬುಡಕ್ಕೆ ಹೋಗುತ್ತದೆ. ಸಾಬೂನಿನ ನೀರು ಬೇರೆ ಬಿಡಿ. ಮಳೆ ಹಿಂದೆ ಸರಿದ ಮೇಲೆ ದಂಟು ಊರಿದರೆ ರಜೆಯ ಮೊದಲು ಹಲವು ಸಲ ಸಾಂಬಾರಿಗೆ ಆಗುತ್ತದೆ. ರಜೆಯಲ್ಲಿ ಒಣಗಿದರೂ ದುಃಖವಿಲ್ಲ.

ಜಾಥಾ, ಭಿತ್ತಿಪತ್ರದ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. 'ಪ್ಲಾಸ್ಟಿಕ್ ಬಿಡಿ' ಎಂದು ಫ್ಲೆಕ್ಸ್‌ನಲ್ಲಿ ಮಾತ್ರ ಬರೆಸಬೇಡಿ. 2016ರಲ್ಲಿ ರಾಜ್ಯ ಸರಕಾರ ನಿಷೇಧಿಸಿದ ಪ್ಲಾಸ್ಟಿಕ್ ಪಟ್ಟಿಯಲ್ಲಿ ಫ್ಲೆಕ್ಸೂ ಇದೆ. ವಾರ್ಷಿಕೋತ್ಸವದ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ ಪರವಾಗಿಲ್ಲ, ಆದರೆ ಮನೆಗೊಂದರಂತೆ ಸ್ಟೀಲ್ ಬಟ್ಟಲು ಕೂಡಿಸಿಟ್ಟರೆ ಊರಿನ ಮದುವೆ, ಭೂತದ ಕೋಲಕ್ಕೂ ಕೊಡಬಹುದು.

ಗಿಡ ನೆಡಲೇಬೇಕೆಂದರೆ ಐವತ್ತು ಬೇಡ, ಐದು ನೆಡಿ. ಪುನರ್ಪುಳಿ, ನೆಲ್ಲಿ, ಹಲಸು ನಮ್ಮ ನೆಲಕ್ಕೆ ಒಗ್ಗಿದವು. ಒಂದೊಂದು ಗಿಡವನ್ನು ಶಾಲೆಗೆ ಹತ್ತಿರ ಮನೆಯಿರುವ ಒಬ್ಬೊಬ್ಬ ಮಗುವಿಗೆ ವಹಿಸಿ. ರಜೆ ಶುರುವಾಗುವ ಮೊದಲು ಗೇಟಿನ ಕೀ ಯಾರ ಮನೆಯಲ್ಲಿರುತ್ತದೆ ಎಂದು ಮಕ್ಕಳಿಗೆ ಹೇಳಿಡಿ. ನಾನು ಹೇಳಲು ಮರೆತ ವರ್ಷ ಇಬ್ಬರು ಹುಡುಗರು ಕೊಡಪಾನ ಹಿಡಿದು ಕಾಂಪೌಂಡ್ ಹಾರಿದ್ದರು.