ಪಾಸ್ ಹಂಚಿದರೆ ಗ್ಯಾಲರಿ ತುಂಬಲ್ಲ

ಸೀಸನ್ ಹತ್ತಿರ ಬಂತೆಂದರೆ ಯಾವುದಾದರೊಂದು ಮಹಿಳಾ ಫುಟ್‌ಬಾಲ್ ತಂಡದವರು ಫೋನ್ ಮಾಡುತ್ತಾರೆ. ಟಿಕೆಟ್, ಗೇಟು, ಪಂದ್ಯದ ದಿನದ ವ್ಯವಸ್ಥೆ ನೋಡಿಕೊಳ್ಳುವುದು ನನ್ನ ಕೆಲಸ. ಮಾತು ಎಲ್ಲಿಂದ ಶುರುವಾದರೂ ಇಲ್ಲಿಗೇ ಬರುತ್ತದೆ: "ಜನ ಬರ್ತಿಲ್ಲ ಸಾರ್. ಎಂಟ್ರಿ ಫ್ರೀ ಮಾಡಿಬಿಡೋಣ." ಹೋದ ಸಲವೂ ಫ್ರೀನೇ ಇತ್ತಲ್ಲ ಎಂದರೆ, "ಹಾಗಾದ್ರೆ ಪಾಸ್ ಜಾಸ್ತಿ ಹೊಡೆಸೋಣ" ಅನ್ನುತ್ತಾರೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಇನ್ನೊಮ್ಮೆ ಹೇಳುತ್ತೇನೆ. ಜನ ಬರದಿರುವುದು ಟಿಕೆಟ್ ದರದಿಂದಲ್ಲ. ಪಂದ್ಯ ಇಟ್ಟಿರುವುದು ಬುಧವಾರ, ಮಧ್ಯಾಹ್ನ ಮೂರೂವರೆಗೆ. ಬನಶಂಕರಿಯಿಂದ ಅಶೋಕನಗರದ ಸ್ಟೇಡಿಯಂಗೆ ಬರುವವರು ಅರ್ಧ ದಿನ ರಜೆ ಹಾಕಬೇಕು. ಬಸ್ಸು, ಆಟೊ, ಟ್ರಾಫಿಕ್ಕು, ಬಿಸಿಲು ಎಲ್ಲ ಅವರ ಪಾಲಿಗೆ. ಇಷ್ಟೆಲ್ಲದರ ಮುಂದೆ ಐವತ್ತು ರೂಪಾಯಿ ಟಿಕೆಟ್ ಯಾವ ಲೆಕ್ಕ? ಅದೊಂದನ್ನು ಬಿಟ್ಟುಕೊಟ್ಟು, ಉಳಿದದ್ದನ್ನು ಹಾಗೇ ಇಟ್ಟು, "ಫ್ರೀ ಕೊಟ್ಟರೂ ಬರಲ್ಲ ನೋಡಿ" ಎಂದು ಗೊಣಗುತ್ತೇವೆ.

ಟಿಕೆಟ್ ಕೊಂಡವನು ಹನಿ ಮಳೆ ಬಂದರೂ ಬರುತ್ತಾನೆ, ಕೊಟ್ಟ ದುಡ್ಡು ಎಳೆಯುತ್ತದೆ. ಪಾಸಿಗೆ ಆ ಎಳೆತ ಇಲ್ಲ. ಸ್ಪಾನ್ಸರ್ ಆಫೀಸಿಗೆ ಕಟ್ಟುಗಟ್ಟಲೆ ಹೋದ ಪಾಸುಗಳಲ್ಲಿ ಎಷ್ಟು ಗೇಟಿಗೆ ಬರುತ್ತವೆ ಎಂದು ಎಣಿಸಿದವರಿಗೆ ಗೊತ್ತು. ಇನ್ನೊಂದು ನಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ಆನ್‌ಲೈನ್‌ನಲ್ಲಿ ಟಿಕೆಟ್ ಕೊಂಡವರು ಹೆಸರು, ಮೊಬೈಲ್ ನಂಬರ್ ಕೊಟ್ಟಿರುತ್ತಾರೆ. ಮುಂದಿನ ಪಂದ್ಯಕ್ಕೆ ಅವರನ್ನು ಕರೆಯಬಹುದು. ಪಾಸ್ ಹಿಡಿದು ಬಂದವರು ಯಾರು, ಎಲ್ಲಿಯವರು, ಮತ್ತೆ ಬರುತ್ತಾರಾ, ಕ್ಲಬ್ಬಿಗೆ ಒಂದೂ ತಿಳಿಯುವುದಿಲ್ಲ. ಪ್ರತಿ ಸಲ ಮೊದಲಿನಿಂದ ಶುರು.

ಹಿಂದೆ ಕಾರ್ಖಾನೆ ಟೀಮಿಗೆ ಆಡಿದ್ದ ಹಿರಿಯರೊಬ್ಬರು ಗೇಟಿನಲ್ಲಿ ಕೇಳಿದ್ದು ನೆನಪಿದೆ. ಕೈಯಲ್ಲಿ ಕೊಡೆ, ಜೇಬಿನಲ್ಲಿ ಕಡಲೆಕಾಯಿ ಪೊಟ್ಟಣ. "ಟಿಕೆಟ್ ಎಷ್ಟಪ್ಪಾ?" ಫ್ರೀ ಸಾರ್, ಎಂದೆ. "ಓ, ಪ್ರಾಕ್ಟೀಸ್ ಮ್ಯಾಚಾ?" ಅಂದರು! ಲೀಗ್ ಪಂದ್ಯ ಎಂದು ನಂಬಿಸುವಷ್ಟರಲ್ಲಿ ಸಾಕಾಯಿತು. ಆಮೇಲೆ ಪೂರ್ತಿ ತೊಂಬತ್ತು ನಿಮಿಷ ಕೂತು, ಎಡಗಡೆ ಆಡುವ ಹುಡುಗಿಗೆ "ತಲೆ ಎತ್ತಿ ನೋಡಮ್ಮಾ, ಪಾಸ್ ಕೊಡು" ಎಂದು ಕೂಗುತ್ತಲೇ ಇದ್ದರು. ಮುಂದಿನ ಪಂದ್ಯಕ್ಕೆ ಕಾಣಲಿಲ್ಲ. ಇನ್ನೊಂದು ದಿನ ಸಿಕ್ಕಾಗ ಕೇಳಿದೆ. "ಮ್ಯಾಚ್ ಯಾವತ್ತಿತ್ತು? ಯಾರು ಹೇಳಿದ್ರು ನಂಗೆ?" ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು. ಅವರ ತಪ್ಪೇನೂ ಇಲ್ಲ. ಆ ಪಂದ್ಯದ ದಿನ ಎರಡು ಸಲ ಬದಲಾಗಿತ್ತು. ಮುಹೂರ್ತ ಹಾಕದ ಲಗ್ನಪತ್ರಿಕೆಯನ್ನು ಊರೆಲ್ಲ ಹಂಚಿ ಛತ್ರದಲ್ಲಿ ಕಾಯುತ್ತಾ ಕೂತ ಹಾಗೆ ನಮ್ಮ ಕಥೆ.

ದೇಶದ ಮಹಿಳಾ ಫುಟ್‌ಬಾಲ್ ಲೀಗ್ ಆದ ಇಂಡಿಯನ್ ವಿಮೆನ್ಸ್ ಲೀಗ್ 2017ರಲ್ಲಿ ದೆಹಲಿಯಲ್ಲಿ ಶುರುವಾದಾಗಿನಿಂದ ಹಲವು ವರ್ಷ ಕೊನೆಯ ಹಂತವೆಲ್ಲ ಯಾವುದೋ ಒಂದೇ ಊರಿನಲ್ಲಿ ನಡೆಯುತ್ತಿತ್ತು. ಶಿಲ್ಲಾಂಗ್, ಲೂಧಿಯಾನ, ಬೆಂಗಳೂರು, ಭುವನೇಶ್ವರ, ಅಹಮದಾಬಾದ್. ನಮ್ಮ ಬೆಂಗಳೂರಿನ ಕಿಕ್‌ಸ್ಟಾರ್ಟ್ ತಂಡ 2023ರಲ್ಲಿ ಫೈನಲ್ ತಲುಪಿತು. ಗೋಕುಲಂ ಕೇರಳ ವಿರುದ್ಧ 5-0ಯಿಂದ ಸೋತಿತು, ಆ ಮಾತು ಬೇರೆ. ಆದರೆ ಪಂದ್ಯ ನಡೆದದ್ದು ಅಹಮದಾಬಾದ್‌ನಲ್ಲಿ. ಬೆಂಗಳೂರಿನವರು ಯಾವ ಗ್ಯಾಲರಿಗೆ ಹೋಗಬೇಕಿತ್ತು ಹೇಳಿ? ತವರಿನಲ್ಲೊಂದು, ಎದುರಾಳಿ ಊರಿನಲ್ಲೊಂದು ಎಂಬ ಪದ್ಧತಿ ಬಂದದ್ದೇ 2023ರ ಡಿಸೆಂಬರ್‌ನಲ್ಲಿ. ಆ ಸೀಸನ್‌ನಲ್ಲಿ 7 ತಂಡ, ಅಂದರೆ ತಲಾ 12 ಪಂದ್ಯ, ತವರಿನ ಪಾಲಿಗೆ 6. ವರ್ಷಕ್ಕೆ ಆರು ಮಧ್ಯಾಹ್ನದಲ್ಲಿ ಯಾರಿಗೆ ಅಭ್ಯಾಸವಾಗುತ್ತದೆ? ಮೂರು ವಾರ ಬಿಟ್ಟು ಮುಂದಿನ ಪಂದ್ಯ ಎಂದರೆ ಅಭಿಮಾನಿಯೂ ಮರೆಯುತ್ತಾನೆ.

"ಹುಡುಗೀರ ಆಟ ಯಾರು ನೋಡ್ತಾರೆ" ಎನ್ನುವವರ ಜೊತೆ ನಾನು ವಾದ ಮಾಡುವುದಿಲ್ಲ. 2024ರಲ್ಲಿ ಆರ್‌ಸಿಬಿ ಹುಡುಗಿಯರು ಚಿನ್ನಸ್ವಾಮಿಯಲ್ಲಿ ಆಡಿದಾಗ ನಮ್ಮೂರಿನವರೇ ದುಡ್ಡು ಕೊಟ್ಟು ಹೋಗಿ ಕೂಗಿದರು. ಪಂದ್ಯ ರಾತ್ರಿ ಏಳೂವರೆಗೆ, ಯಾವತ್ತು ಎಂದು ಮೊದಲೇ ಗೊತ್ತು. ಆರ್‌ಸಿಬಿ ಹೆಸರು, ಟಿವಿ ದುಡ್ಡು ಎಲ್ಲ ಜೊತೆಗಿತ್ತು, ಒಪ್ಪುತ್ತೇನೆ. ನೇರ ಹೋಲಿಕೆ ಸರಿಯಲ್ಲ.

ಈಗ ಇನ್ನೊಂದು ಆಸೆ. 2025ರ ಜುಲೈನಲ್ಲಿ ಥಾಯ್ಲೆಂಡನ್ನು ಅದರ ನೆಲದಲ್ಲೇ 2-1ರಿಂದ ಸೋಲಿಸಿ ಭಾರತದ ಮಹಿಳಾ ಫುಟ್‌ಬಾಲ್ ತಂಡ ಏಷ್ಯಾ ಕಪ್‌ಗೆ ಅರ್ಹತೆ ಪಡೆಯಿತಲ್ಲ, ಇನ್ನು ಲೀಗ್‌ಗೂ ಜನ ತಾವಾಗಿಯೇ ಬರುತ್ತಾರೆ ಎನ್ನುತ್ತಾರೆ. ಬಂದರೆ ನನಗಿಂತ ಖುಷಿ ಯಾರಿಗೂ ಆಗದು. ಆದರೆ ಅಮೆರಿಕದ ಉದಾಹರಣೆ ಇದೆ. 1999ರ ಮಹಿಳಾ ಫುಟ್‌ಬಾಲ್ ವಿಶ್ವಕಪ್ ಫೈನಲ್‌ಗೆ ಅಲ್ಲಿನ ರೋಸ್ ಬೌಲ್ ಸ್ಟೇಡಿಯಂನಲ್ಲಿ 90 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅದನ್ನೇ ನಂಬಿ 2001ರಲ್ಲಿ ಶುರುವಾದ ಅಲ್ಲಿನ ಮಹಿಳಾ ಲೀಗ್ ಡಬ್ಲ್ಯುಯುಎಸ್‌ಎ ಮೂರೇ ಸೀಸನ್‌ಗೆ ಬಾಗಿಲು ಹಾಕಿತು. ಫೈನಲ್‌ಗೆ ಸೇರಿದ ಜನ ಪ್ರತಿ ವಾರ ಸೇರುವುದಿಲ್ಲ.

ಶಾಲೆ ಮಕ್ಕಳಿಗೆ ಫ್ರೀ ಕೊಡಿ, ಬೇಡ ಎನ್ನುವುದಿಲ್ಲ. ಆದರೆ ಅವರನ್ನು ಬಸ್ಸಿನಲ್ಲಿ ತುಂಬಿ ತಂದು, ಬಿಸ್ಕತ್ತು ಕೊಟ್ಟು, ಫೋಟೊ ಹೊಡೆಸಿ ಲೆಕ್ಕಕ್ಕೆ ಸೇರಿಸಬೇಡಿ. ಅರ್ಧ ಪಂದ್ಯಕ್ಕೆ ಡ್ರೈವರ್ ಹಾರ್ನ್ ಹೊಡೆಯುತ್ತಾನೆ, ಗ್ಯಾಲರಿ ಖಾಲಿ. ಮಕ್ಕಳ ಜೊತೆ ಅಪ್ಪ ಅಮ್ಮನಿಗೂ ಟಿಕೆಟ್ ಮಾರಿ.

ಎಲ್ಲ ಊರಿಗೂ ಇದೇ ಮದ್ದು ಎನ್ನಲಾರೆ, ಮಣಿಪುರದ ಇಂಫಾಲದಂಥ ಫುಟ್‌ಬಾಲ್ ಊರಿನ ಲೆಕ್ಕ ಬೇರೆ ಇರಬಹುದು. ಬೆಂಗಳೂರಿನಲ್ಲಿ ಕೇಳಿದರೆ ನಾನು ಹೇಳುವುದು ಇಷ್ಟು: ತವರಿನ ಪಂದ್ಯಗಳನ್ನು ಒಂದೇ ಮೈದಾನದಲ್ಲಿ, ಭಾನುವಾರ ಸಂಜೆ ಇಡಿಸಲು ಲೀಗಿನವರ ಜೊತೆ ಜಗಳವಾಡಿ. ಪಟ್ಟಿ ಕೈಗೆ ಬಂದ ದಿನವೇ ಆಸ್ಟಿನ್ ಟೌನ್, ಗೌತಮಪುರದ ಫುಟ್‌ಬಾಲ್ ಹುಚ್ಚಿನ ಬೀದಿಗಳಲ್ಲಿ ಅಂಟಿಸಿ. ಟಿಕೆಟ್‌ಗೆ ಐವತ್ತು ರೂಪಾಯಿ ಇಡಿ. ಹಾಗೆಯೇ, ಪಂದ್ಯದ ದಿನ ಹೆಂಗಸರ ಶೌಚಾಲಯದ ಬೀಗದ ಕೈ ಯಾರ ಹತ್ತಿರ ಇದೆ ಎಂದು ಬೆಳಿಗ್ಗೆಯೇ ಕೇಳಿಕೊಳ್ಳಿ. ಗೇಟು ತೆರೆದ ಮೇಲೆ ಆ ಕೈ ಹುಡುಕಿಕೊಂಡು ಓಡಾಡುವುದು ನನಗಂತೂ ಸಾಕಾಗಿದೆ.