‘ಫಾಲೋಯಿಂಗ್’ ನಿಜಕ್ಕೂ 6,000 ಡಾಲರ್‌ನಲ್ಲಿ ಮುಗಿದ ಸಿನಿಮಾನಾ?

ಓದುಗರ ಪ್ರಶ್ನೆ: “ಕ್ರಿಸ್ಟೋಫರ್ ನೋಲನ್ ತಮ್ಮ ಮೊದಲ ಸಿನಿಮಾ ‘ಫಾಲೋಯಿಂಗ್’ ಅನ್ನು ಬರೀ 6,000 ಡಾಲರ್‌ನಲ್ಲಿ ಮುಗಿಸಿದರಂತೆ. ಇವತ್ತಿನ ಲೆಕ್ಕಕ್ಕೆ ಸುಮಾರು ಐದು ಲಕ್ಷ ರೂಪಾಯಿ. ಈಗ ಫಿಲ್ಮ್ ರೋಲಿನ ಖರ್ಚೂ ಇಲ್ಲ. ಹಾಗಾದರೆ ನಾವು ಅದಕ್ಕಿಂತ ಕಡಿಮೆಯಲ್ಲಿ ಒಂದು ಕ್ರೈಮ್ ಸಿನಿಮಾ ಮಾಡಬಹುದಲ್ಲವೇ ಸರ್?”

ಮಾಡಬಹುದು. ಆದರೆ ಆ 6,000ದ ಅರ್ಥ ನೀವು ಅಂದುಕೊಂಡಂತಿಲ್ಲ. ಇದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ಆ ಒಂದು ಅಂಕಿಯ ಮೇಲೇ ನಿಂತಿರುತ್ತದೆ. ಹಾಗಾಗಿ ಈ ಸಲ ಪೂರ್ತಿ ಲೆಕ್ಕ ಬಿಡಿಸಿಯೇ ಹೇಳುತ್ತೇನೆ.

6,000 ಡಾಲರ್ ಎನ್ನುವುದು ಚಿತ್ರೀಕರಣದ ಹೊತ್ತಿಗೆ ಜೇಬಿನಿಂದ ಹೋದ ಹಣ. ಅದರಲ್ಲಿ ಅತಿ ದೊಡ್ಡ ಬಾಬತ್ತು 16 ಎಂಎಂ (ಪಟ್ಟಿಯ ಅಗಲ) ಕಪ್ಪು-ಬಿಳುಪು ಫಿಲ್ಮು. ಥಿಯೇಟರಿನಲ್ಲಿ ಜನ ಕೂತು ನೋಡಿದ ಸಿನಿಮಾದ ಒಟ್ಟು ಖರ್ಚು ಅದಲ್ಲ. ಅಮೆರಿಕದ ನೆಕ್ಸ್ಟ್ ವೇವ್ ಫಿಲ್ಮ್ಸ್ ಎಂಬ ಸಂಸ್ಥೆ ಚಿತ್ರವನ್ನು ಮುಗಿಸುವುದಕ್ಕೆಂದೇ ಪ್ರತ್ಯೇಕವಾಗಿ ಹಣ ಕೊಟ್ಟಿತು. ಆ ಸಂಸ್ಥೆ ಇದ್ದದ್ದೇ ಅದಕ್ಕೆ: ಶೂಟಿಂಗ್ ಆಗಿ, ಮುಂದಕ್ಕೆ ಹಣವಿಲ್ಲದೆ ನಿಂತ ಸಿನಿಮಾಗಳನ್ನು ದಡ ಸೇರಿಸಲು. ಈ ಅರ್ಧವನ್ನು ಬಿಟ್ಟು ಮೊದಲಿನ ಅರ್ಧವನ್ನು ಮಾತ್ರ ಎಲ್ಲರೂ ಹೇಳುತ್ತಾರೆ.

ಮುಗಿಸಲು ಅಷ್ಟು ಖರ್ಚು ಯಾಕೆ? ಈ ಸಿನಿಮಾ ಬಂದ 1998ರಲ್ಲಿ ಥಿಯೇಟರುಗಳಲ್ಲಿ ಓಡುತ್ತಿದ್ದದ್ದು 35 ಎಂಎಂ ಪ್ರೊಜೆಕ್ಟರು. 16 ಎಂಎಂನಲ್ಲಿ ತೆಗೆದದ್ದನ್ನು ಅಲ್ಲಿ ತೋರಿಸಬೇಕಾದರೆ ಲ್ಯಾಬಿನಲ್ಲಿ ಅದನ್ನು ಹಿಗ್ಗಿಸಿ ಹೊಸ ನೆಗೆಟಿವ್ ಮಾಡಬೇಕು, ಸೌಂಡ್ ಮಿಕ್ಸ್ ಮಾಡಿಸಿ ಪ್ರಿಂಟಿನ ಅಂಚಿನಲ್ಲಿ ಆಪ್ಟಿಕಲ್ ಟ್ರ್ಯಾಕ್ (ಶಬ್ದದ ಪಟ್ಟಿ) ಹಾಕಿಸಬೇಕು, ಆಮೇಲೆ ಪ್ರಿಂಟ್ ತೆಗೆಸಬೇಕು. ಒಂದೊಂದಕ್ಕೂ ಬೇರೆ ಬಿಲ್ಲು. 16 ಎಂಎಂ ಫ್ರೇಮಿನ ಅಗಲ ಸುಮಾರು 10 ಮಿಲಿಮೀಟರ್, 35 ಎಂಎಂನದು ಸುಮಾರು 22. ಅಂದರೆ ಚಿತ್ರ ಎರಡು ಪಟ್ಟಿಗಿಂತ ಹೆಚ್ಚು ಅಗಲವಾಗುತ್ತದೆ, ಜೊತೆಗೆ ಗ್ರೇನ್ (ಫಿಲ್ಮಿನಲ್ಲಿ ಕಾಣುವ ಸಣ್ಣ ಕಣಗಳು) ಕೂಡ ಅಷ್ಟೇ ದಪ್ಪವಾಗುತ್ತದೆ. ಆ ಒರಟು ಮೈಯ ಹಿಂದೆ ಲ್ಯಾಬಿನ ಕೆಲಸವೂ ಇದೆ. ಅಗ್ಗದ ಕ್ಯಾಮೆರಾ ಇದ್ದರೆ ಅದು ತಾನಾಗಿ ಬರುತ್ತದೆಂದು ಭಾವಿಸಬೇಡಿ.

ಇನ್ನು ಆ 6,000ದೊಳಗೆ ಸೇರದೇ ಇರುವುದನ್ನು ನೋಡಿ. ಬರವಣಿಗೆ, ನಿರ್ದೇಶನ, ಛಾಯಾಗ್ರಹಣ ಮೂರೂ ನೋಲನ್ ಒಬ್ಬರದೇ. ಸಂಕಲನದಲ್ಲಿ ಗ್ಯಾರೆತ್ ಹೀಲ್ ಜೊತೆಗೂಡಿದರು. ನಾಯಕ ಜೆರೆಮಿ ಥಿಯೋಬಾಲ್ಡ್ ನಟನೂ ಹೌದು, ಎಮ್ಮಾ ಥಾಮಸ್ ಮತ್ತು ನೋಲನ್ ಜೊತೆ ನಿರ್ಮಾಪಕನೂ ಹೌದು. ಪೊಲೀಸ್ ಪಾತ್ರದಲ್ಲಿರುವವರು ನೋಲನ್ ಅವರ ಚಿಕ್ಕಪ್ಪ ಜಾನ್ ನೋಲನ್. ಕಳ್ಳತನ ನಡೆಯುವ ಲಂಡನ್ ಮನೆಗಳು ಸ್ನೇಹಿತರದು, ಮನೆಯವರದು. ಎಲ್ಲರೂ ವಾರವಿಡೀ ಬೇರೆ ಕೆಲಸಕ್ಕೆ ಹೋಗುವವರು, ಆದ್ದರಿಂದ ಶನಿವಾರ ಮಾತ್ರ ಶೂಟಿಂಗ್. ಚಿತ್ರೀಕರಣ ಮುಗಿಯಲು ಸುಮಾರು ಒಂದು ವರ್ಷ ಹಿಡಿಯಿತು. ಇಷ್ಟು ಜನರ ಇಷ್ಟು ಶನಿವಾರಗಳಿಗೆ ನಿಮ್ಮ ಊರಿನ ದಿನಗೂಲಿಯ ಲೆಕ್ಕದಲ್ಲಾದರೂ ಒಂದು ಬೆಲೆ ಹಾಕಿ ನೋಡಿ. ಐದು ಲಕ್ಷ ಎಲ್ಲಿಗೆ ಹೋಗುತ್ತದೆಂದು ಆಗ ಗೊತ್ತಾಗುತ್ತದೆ.

“ಈಗ ಫಿಲ್ಮಿನ ಖರ್ಚಿಲ್ಲ” ಎನ್ನುವ ಮಾತಿಗೆ ಬರುತ್ತೇನೆ. ತಪ್ಪು ಮೊಳಕೆಯೊಡೆಯುವುದೇ ಇಲ್ಲಿ.

16 ಎಂಎಂ ಫಿಲ್ಮು ನಿಮಿಷಕ್ಕೆ 36 ಅಡಿ ಓಡುತ್ತದೆ. 400 ಅಡಿಯ ರೋಲು ಹನ್ನೊಂದು ನಿಮಿಷಕ್ಕೆ ಖಾಲಿ. ‘ಫಾಲೋಯಿಂಗ್’ನ ಉದ್ದ 69 ನಿಮಿಷ, ಅಂದರೆ ಸುಮಾರು 2,500 ಅಡಿ. ಪ್ರತಿ ಶಾಟನ್ನು ಎರಡು ಸಲ ತೆಗೆದರೆ 5,000 ಅಡಿ, ಹದಿಮೂರು ರೋಲು. ಹತ್ತು ಸಲ ತೆಗೆದರೆ 25,000 ಅಡಿ, ಅರವತ್ತಕ್ಕೂ ಹೆಚ್ಚು ರೋಲು. ಇಡೀ ಸಿನಿಮಾ ಉಳಿದದ್ದು ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲಿ. ನೋಲನ್ ಒಂದು ದಿನಕ್ಕೆ ತೆಗೆಯುತ್ತಿದ್ದದ್ದು ಸುಮಾರು ಹದಿನೈದು ನಿಮಿಷದ ಫಿಲ್ಮು, 540 ಅಡಿ. ಅಷ್ಟನ್ನು ಸಂಬಳದ ದುಡ್ಡಿನಲ್ಲಿ ಕೊಳ್ಳಬಹುದಿತ್ತು. ಮೊದಲನೆಯ ಅಥವಾ ಎರಡನೆಯ ಟೇಕೇ ಸಿನಿಮಾಕ್ಕೆ ಹೋಗಬೇಕು ಎಂದು ಪ್ರತಿ ದೃಶ್ಯವನ್ನೂ ಮೊದಲೇ ಚೆನ್ನಾಗಿ ರಿಹರ್ಸಲ್ ಮಾಡಿಸಿದ್ದರು.

ಹಾರ್ಡ್ ಡಿಸ್ಕ್ ನಿಮ್ಮನ್ನು ಹೀಗೆ ತಡೆಯುವುದಿಲ್ಲ. ಅಲ್ಲೇ ದುಡ್ಡು ಸೋರುವುದು. ದಿನಕ್ಕೆ ಮೂರು ಗಂಟೆ ಶೂಟ್ ಮಾಡಿದರೆ ಕ್ಯಾಮೆರಾ ಬಾಡಿಗೆ, ಊಟ, ವಾಹನ, ಸಂಕಲನಕಾರರ ವಾರಗಳು ಎಲ್ಲವೂ ಹಿಗ್ಗುತ್ತವೆ. ದಿನಕ್ಕೆ ಹದಿನೈದು ನಿಮಿಷ ಎಂಬ ಮಿತಿಯನ್ನು ನೀವೇ ಹಾಕಿಕೊಳ್ಳಿ. ಚಿತ್ರೀಕರಣಕ್ಕೆ ಮೊದಲು ನಟರನ್ನು ಅದೇ ಕೋಣೆಗೆ ಕರೆದೊಯ್ದು, ಅದೇ ಬಾಗಿಲು, ಅದೇ ಕುರ್ಚಿ ಇಟ್ಟುಕೊಂಡು ದೃಶ್ಯವನ್ನು ಆರಂಭದಿಂದ ಕೊನೆಯವರೆಗೆ ಆಡಿಸಿ, ಫೋನಿನಲ್ಲಿ ತೆಗೆದು ನೋಡಿ. ಮಾತು ಎಡವುವ ಜಾಗ, ಕೈ ಖಾಲಿ ನಿಲ್ಲುವ ಜಾಗ ಅಲ್ಲೇ ಸಿಗುತ್ತವೆ, ಪುಕ್ಕಟೆಯಾಗಿ.

ಕೈಯಲ್ಲಿರುವ ಹಣದಲ್ಲಿ ಅರ್ಧವನ್ನಾದರೂ ಶೂಟಿಂಗ್ ನಂತರದ ಕೆಲಸಕ್ಕೆ ಎತ್ತಿಡಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 35 ಎಂಎಂ ಪ್ರಿಂಟಿನ ಜಾಗಕ್ಕೆ ಈಗ ಡಿಸಿಪಿ (ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿ) ಬಂದಿದೆ, ಅದು ಅಗ್ಗ. ಆದರೆ ಸೌಂಡ್ ಮಿಕ್ಸ್, ಕಲರ್ ಗ್ರೇಡಿಂಗ್, ಎರಡು ಪ್ರತಿ ಬ್ಯಾಕಪ್, ಸೆನ್ಸಾರ್ ಇವು ಯಾವುವೂ ಹೋಗಿಲ್ಲ. ಸಣ್ಣ ಬಜೆಟ್ಟಿನ ಸಿನಿಮಾ ಮುಗ್ಗರಿಸುವುದು ಹೆಚ್ಚಾಗಿ ಶಬ್ದದಲ್ಲಿ. ಮಸುಕು ಚಿತ್ರವನ್ನು ಪ್ರೇಕ್ಷಕ ಶೈಲಿ ಎಂದು ಒಪ್ಪಿಯಾನು, ಕೇಳದ ಮಾತನ್ನು ಒಪ್ಪುವುದಿಲ್ಲ. ಫ್ಯಾನು, ಫ್ರಿಜ್ಜು ಎರಡೂ ಆರಿಸಿ (ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗಿಡಿ, ಮತ್ತೆ ಸ್ವಿಚ್ ಹಾಕಲು ಮರೆಯುವುದಿಲ್ಲ). ಪ್ರತಿ ಕೋಣೆಯಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ನಿಶ್ಶಬ್ದವನ್ನು ರೆಕಾರ್ಡ್ ಮಾಡಿಕೊಳ್ಳಿ. ಸಂಕಲನದಲ್ಲಿ ಮಾತುಗಳ ನಡುವಿನ ತೂತು ಮುಚ್ಚುವುದು ಅದೇ.

ಕಪ್ಪು-ಬಿಳುಪಿಗೂ ಖರ್ಚಿಗೂ ನೇರ ಸಂಬಂಧವಿದೆ. ನೋಲನ್ ಬಹುಪಾಲು ಲೈಟುಗಳಿಲ್ಲದೆ, ಇದ್ದ ಬೆಳಕಿನಲ್ಲೇ ತೆಗೆದರು. ಬಣ್ಣದ ಫಿಲ್ಮಿಗೆ ಬೆಳಕಿನ ಬಣ್ಣವೂ ಮುಖ್ಯ, ಅದನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ: ಕಿಟಕಿಯ ಹಗಲು ಬೆಳಕು ಸುಮಾರು 5,600, ಮನೆಯ ಹಳೆಯ ಬಲ್ಬು ಸುಮಾರು 2,800. ಒಂದೇ ಮುಖದ ಅರ್ಧ ನೀಲಿ, ಅರ್ಧ ಕಿತ್ತಳೆ ಬರುತ್ತದೆ. ಅದನ್ನು ಸರಿಮಾಡಲು ಜೆಲ್ (ಲೈಟಿನ ಮುಂದೆ ಹಾಕುವ ಬಣ್ಣದ ಹಾಳೆ), ಲೈಟು, ಜನ ಬೇಕು. ಕಪ್ಪು-ಬಿಳುಪಿನಲ್ಲಿ ಈ ಜಗಳವೇ ಇಲ್ಲ, ಎಷ್ಟು ಬೆಳಕು ಎಂಬುದಷ್ಟೇ ಮುಖ್ಯ. ಬದಲಿಗೆ ಇನ್ನೊಂದು ತೊಡಕು: ಕೆಂಪು ಅಂಗಿ ಮತ್ತು ಹಸಿರು ಗೋಡೆ ಒಂದೇ ಬೂದು ಬಣ್ಣವಾಗಿ ಕಲೆತುಹೋಗಬಹುದು. ಬಟ್ಟೆ ಆರಿಸುವ ಮೊದಲು ಗೋಡೆಯ ಮುಂದೆ ಹಿಡಿದು ಫೋನಿನ ಕಪ್ಪು-ಬಿಳುಪು (ಮೋನೋ) ಮೋಡಿನಲ್ಲಿ ಒಂದು ಫೋಟೊ ತೆಗೆದು ನೋಡಿ. ಡಿಸೆಂಬರಿನ ಲಂಡನ್ನಿನಲ್ಲಿ ಹಗಲು ಸುಮಾರು ಎಂಟು ಗಂಟೆ ಮಾತ್ರ, ಬೆಂಗಳೂರಿನಲ್ಲಿ ಅದೇ ತಿಂಗಳು ಹನ್ನೊಂದು ಗಂಟೆಗೂ ಹೆಚ್ಚು. ಈ ಒಂದು ವಿಷಯದಲ್ಲಿ ನೀವು ನೋಲನ್‌ಗಿಂತ ಶ್ರೀಮಂತರು.

ಯಾರೂ ಕೇಳದ, ಆದರೆ ಕೇಳಬೇಕಾಗಿದ್ದ ಪ್ರಶ್ನೆ ಇನ್ನೊಂದಿದೆ. ಆ ಸಿನಿಮಾದಲ್ಲಿ ಕಾಲ ಹಿಂದೆಮುಂದೆ ಜಿಗಿಯುತ್ತದಲ್ಲ, ಅದನ್ನು ಸಂಕಲನದ ಟೇಬಲ್ಲಿನ ಮೇಲೆ ಕಲಸಿದ್ದೇ? ಅಲ್ಲ. ಕಥೆಯನ್ನು ಮೊದಲು ನೇರವಾಗಿ ಬರೆದು, ಚಿತ್ರಕಥೆಯ ಹಂತದಲ್ಲೇ ತುಂಡುಗಳನ್ನು ಬೇರೆ ಕ್ರಮದಲ್ಲಿ ಜೋಡಿಸಿದ್ದು. ಕ್ರೈಟೀರಿಯನ್ ಎಂಬ ಕಂಪನಿ 2012ರಲ್ಲಿ ತಂದ ಡಿಸ್ಕ್ ಆವೃತ್ತಿಯಲ್ಲಿ ದೃಶ್ಯಗಳನ್ನು ಕಾಲಾನುಕ್ರಮದಲ್ಲಿಟ್ಟ ಸಂಕಲನವೂ ಇದೆ. ಎರಡನ್ನೂ ನೋಡಿ, ನೇರ ಕ್ರಮದಲ್ಲಿ ಯಾವ ರಹಸ್ಯ ಬೇಗ ಸೋರಿಹೋಗುತ್ತದೆಂದು ಗುರುತು ಹಾಕಿಕೊಳ್ಳಿ.

ಪ್ರೇಕ್ಷಕ ದಾರಿ ತಪ್ಪದಂತೆ ಅಲ್ಲಿ ನಾಯಕನ ಮುಖವೇ ಕ್ಯಾಲೆಂಡರು: ಕೆದರಿದ ಉದ್ದ ಕೂದಲಿದ್ದರೆ ಮೊದಲ ಕಾಲ, ಕತ್ತರಿಸಿದ ಕೂದಲು ಮತ್ತು ಸೂಟಿದ್ದರೆ ನಡುವಿನದು, ಏಟು ತಿಂದ ಮುಖವಿದ್ದರೆ ಆಮೇಲಿನದು. ವಾರಕ್ಕೊಮ್ಮೆ ಮಾತ್ರ ಸೇರುವ ತಂಡ ಇಂಥ ಕಥೆ ಹಿಡಿದರೆ ಶೆಡ್ಯೂಲನ್ನು ಲೊಕೇಶನ್ನಿನಿಂದ ಶುರುಮಾಡಬಾರದು, ಕೂದಲಿನಿಂದ ಶುರುಮಾಡಬೇಕು. ಏಟಿನ ಗುರುತನ್ನು ಫೋಟೊ ನೋಡಿಕೊಂಡು ಮೇಕಪ್ಪಿನಲ್ಲಿ ಎಷ್ಟು ಸಲ ಬೇಕಾದರೂ ಮತ್ತೆ ಬಿಡಿಸಬಹುದು. ಕೂದಲು ತಿಂಗಳಿಗೆ ಒಂದೂಕಾಲು ಸೆಂಟಿಮೀಟರ್ ಮಾತ್ರ ಬೆಳೆಯುತ್ತದೆ. ಉದ್ದ ಕೂದಲಿನ ಎಲ್ಲಾ ದೃಶ್ಯಗಳನ್ನೂ ತೆಗೆದು, ಒರಟಾಗಿಯಾದರೂ ಜೋಡಿಸಿ ನೋಡಿ, ಬಿಟ್ಟುಹೋದ ಶಾಟುಗಳನ್ನು ಮರು ಶನಿವಾರವೇ ತುಂಬಿಕೊಂಡ ಮೇಲೆ ನಟನನ್ನು ಕ್ಷೌರದ ಅಂಗಡಿಗೆ ಕಳಿಸಿ.